ಪುರಸಭೆಯ ರೇಡಿಯೋ

ಟೈಪಿಸ್ಟ್ ಡಬ್ಬಿ ಹಿಡಿದು ಒಳಗೆ ಬಂದಳು. ಊಟದ ಮೇಜಿನ ಮಾತು ಕತ್ತರಿಸಿದ ಹಾಗೆ ನಿಂತಿತು.

"ಸ್ಟೇಷನ್ ಬಂತು," ಎಂದ ಬಿಲ್ ಕಲೆಕ್ಟರ್, ತಲೆಯೆತ್ತದೆ. ಯಾರೋ ಕಿಸಕ್ಕನೆ ನಕ್ಕರು. ಅವಳು ಕಿಟಕಿಯ ಪಕ್ಕ ಒಬ್ಬಳೇ ಕೂತು, ಗೋಡೆ ನೋಡುತ್ತಾ ಉಂಡು, ಡಬ್ಬಿ ತೊಳೆದುಕೊಂಡು ಹೋದಳು. ಮಾತು ಮತ್ತೆ ಶುರುವಾಯಿತು.

ಆ ಪುರಸಭೆಯಲ್ಲಿ ಅವಳಿಗೆ ಇಟ್ಟಿದ್ದ ಹೆಸರು ರೇಡಿಯೋ. ಹಳೆಯ ಮುಖ್ಯಾಧಿಕಾರಿಯ ಕಾಲದಲ್ಲಿ ಯಾರು ಏನಂದರೂ ಸಂಜೆಯೊಳಗೆ ಅವರ ಕಿವಿಗೆ ಬೀಳುತ್ತಿತ್ತು. ಯಾರು ತಡವಾಗಿ ಬಂದರು, ಯಾರು ಕಡತ ಕಳೆದು ಮುಚ್ಚಿಟ್ಟರು, ಯಾರು ಬೈದರು, ಎಲ್ಲವೂ. ಆರೋಗ್ಯ ನಿರೀಕ್ಷಕ ಒಮ್ಮೆ ಇದೇ ಮೇಜಿನಲ್ಲಿ ಸಾಹೇಬರು ಮೂಗಿನಲ್ಲಿ ಮಾತಾಡುವುದನ್ನು ಅಣಕಿಸಿ ತೋರಿಸಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮೂರನೆಯ ದಿನ ಅವನನ್ನು ಊರಾಚೆಯ ಕಸದ ಯಾರ್ಡಿಗೆ ಹಾಕಿದರು. ಎರಡು ವರ್ಷ ಅಲ್ಲೇ ಕೊಳೆತ. ವಾಪಸು ಬಂದಾಗ ಮಾತು ಕಮ್ಮಿಯಾಗಿತ್ತು, ಕೆಮ್ಮು ಹೆಚ್ಚಾಗಿತ್ತು.

ಹೇಳಿದ್ದು ಯಾರೆಂದು ಪತ್ತೆ ಹಚ್ಚಿದವನು ಹೆಡ್ ಕ್ಲರ್ಕ್. ಟೈಪಿಸ್ಟ್ ಸಾಹೇಬರ ಕೋಣೆಗೆ ಹೋಗಿದ್ದನ್ನು ಕಣ್ಣಾರೆ ಕಂಡೆ ಎಂದ. ಬಾಗಿಲು ಮುಚ್ಚಿತ್ತು. ಐದು ನಿಮಿಷಕ್ಕೆ ಹೊರಬಂದಳು, ಕಣ್ಣು ಕೆಂಪಗಿತ್ತು. ಉಳಿದ ಐವರಲ್ಲಿ ಒಬ್ಬರೂ ಅಡ್ಡ ಪ್ರಶ್ನೆ ಕೇಳಲಿಲ್ಲ. ಎಲ್ಲರೂ ಅಷ್ಟು ಬೇಗ ಹೌದೆಂದದ್ದು ಹೆಡ್ ಕ್ಲರ್ಕಿಗೇ ಆಶ್ಚರ್ಯವಾಗಿತ್ತು.

ಸಾಹೇಬರು ನಿವೃತ್ತರಾದರು. ಹೊಸ ಮುಖ್ಯಾಧಿಕಾರಿಯಾಗಿ ಒಬ್ಬ ಹೆಣ್ಣುಮಗಳು ಬಂದರು. ಅವರು ಬಂದ ತಿಂಗಳೇ ಮಾರುಕಟ್ಟೆ ರಸ್ತೆಯಲ್ಲಿ ಒಡೆದ ಚರಂಡಿ ಚಪ್ಪಡಿಯ ಮೇಲೆ ಕಾಲಿಟ್ಟು ಒಬ್ಬ ಮುದುಕನ ಸೊಂಟ ಮುರಿಯಿತು. ಚಪ್ಪಡಿ ಒಡೆದದ್ದು ಕಚೇರಿಯ ಮೂವರಿಗೆ ಮೊದಲೇ ಗೊತ್ತಿತ್ತು. ಹೇಳಿದರೆ ತಮ್ಮ ತಲೆಗೇ ಬರುತ್ತದೆಂದು ಸುಮ್ಮನಿದ್ದರು.

ಅಂದಿನಿಂದ ಮೇಡಂ ಸೋಮವಾರ ಸೋಮವಾರ ಕಚೇರಿಯ ಏಳೂ ಜನರನ್ನು ಕೂರಿಸಿಕೊಂಡು ಚಹಾ ತರಿಸತೊಡಗಿದರು. "ತಪ್ಪಾದ್ರೆ ಹೇಳಿ. ಬೈಯಲ್ಲ, ನೋಟಿಸ್ ಕೊಡಲ್ಲ. ನನ್ನ ತಪ್ಪಿದ್ರೆ ಅದನ್ನೂ ಹೇಳಿ." ಏಳೂ ಜನ ಲೋಟದೊಳಗೆ ನೋಡುತ್ತಿದ್ದರು.

ಒಂದು ದಿನ ಎಲ್ಲರೂ ಎದ್ದು ಹೋದ ಮೇಲೆ ಹೆಡ್ ಕ್ಲರ್ಕ್ ಉಳಿದುಕೊಂಡು ತಗ್ಗಿದ ದನಿಯಲ್ಲಿ ಹೇಳಿದ. "ಆ ಟೈಪಿಸ್ಟ್ ಇರೋ ತನಕ ಯಾರೂ ಬಾಯಿ ಬಿಡಲ್ಲ ಮೇಡಂ."

"ಆಧಾರ ಏನಾದ್ರೂ ಇದೆಯಾ?"

"ಇಡೀ ಆಫೀಸಿಗೆ ಗೊತ್ತು."

"ಅದು ಆಧಾರ ಅಲ್ವಲ್ಲ," ಎಂದರು ಮೇಡಂ.

ಆಧಾರ ಬೇಕಾಗಲಿಲ್ಲ. ಎರಡು ತಿಂಗಳಲ್ಲಿ ಟೈಪಿಸ್ಟ್ ತಾನೇ ವರ್ಗಾವಣೆ ಕೇಳಿದಳು. ಸಿಕ್ಕ ಜಾಗ ದೂರ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟಿರಲಾಗದೆ ದಿನವೂ ಮೂರು ಗಂಟೆ ಬಸ್ಸಿನಲ್ಲಿ ಓಡಾಡಬೇಕು. ಮೇಡಂ ಎರಡು ಸಲ ಬೇಡವೆಂದರು. ಅವಳು ಅರ್ಜಿ ವಾಪಸು ತೆಗೆದುಕೊಳ್ಳಲಿಲ್ಲ.

ಕೊನೆಯ ದಿನ ಬೀರುವಿನ ಬೀಗದ ಕೈ ಒಪ್ಪಿಸಲು ಹೆಡ್ ಕ್ಲರ್ಕಿನ ಮೇಜಿಗೆ ಬಂದಳು.

"ಸರ್, ಹಳೆ ಸಾಹೇಬರು ಒಂದು ಸಲ ಕರೆದು, ಇಲ್ಲಿ ನಡೆಯೋದೆಲ್ಲ ಬಂದು ಹೇಳು ಅಂದ್ರು. ನನ್ನ ಕೈಲಿ ಆಗಲ್ಲ ಅಂದೆ. ಬಾಯಿಗೆ ಬಂದ ಹಾಗೆ ಬೈದ್ರು. ನಡೆದಿದ್ದು ಅಷ್ಟೇ. ನೀವಾದ್ರೂ ನಂಬ್ತೀರಲ್ವಾ?"

"ಈಗ್ಯಾಕಮ್ಮಾ ಅದೆಲ್ಲ," ಎಂದ ಹೆಡ್ ಕ್ಲರ್ಕ್, ಬೀಗದ ಕೈ ಡ್ರಾಯರಿಗೆ ಹಾಕುತ್ತಾ. "ಹೊಸ ಜಾಗ. ಚೆನ್ನಾಗಿರು."

ಅವಳಿಗೆ ಬೀಳ್ಕೊಡುಗೆಯಾಗಲಿಲ್ಲ. ಗೇಟಿನ ತನಕ ಕೂಡ ಯಾರೂ ಹೋಗಲಿಲ್ಲ.

ಮುಂದಿನ ಸೋಮವಾರ ಬಿಲ್ ಕಲೆಕ್ಟರ್ ತಾನಾಗಿಯೇ ಬಿಸ್ಕತ್ತು ತಂದಿದ್ದ. ಆರು ಲೋಟ ಚಹಾ ಬಂತು. ಮೇಡಂ ಎಲ್ಲರ ಮುಖ ನೋಡಿದರು. "ಅವರು ಹೋದ್ರು. ಈಗ ಮಾತಾಡಿ."

ಆರೂ ಜನ ಬಿಸ್ಕತ್ತಿನ ತಟ್ಟೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು.

"ಇನ್ನೂ ಯಾರಿಗೆ ಹೆದರ್ತಿದ್ದೀರಿ?"

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹೆಡ್ ಕ್ಲರ್ಕ್ ಇನ್ನೊಂದು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ.

ಬುಧವಾರ ಬಿಲ್ ಕಲೆಕ್ಟರ್ ಮೇಡಂ ಕೋಣೆಯಿಂದ ಮುಖ ಒರೆಸಿಕೊಳ್ಳುತ್ತಾ ಹೊರಬಂದ. ಗುರುವಾರ ಆರೋಗ್ಯ ನಿರೀಕ್ಷಕ ಒಳಗೆ ಹೋದವನು ಅರ್ಧ ಗಂಟೆ ಹೊರಬರಲಿಲ್ಲ. ಇವರಿಗೆ ಗೊತ್ತಾಗಿಬಿಟ್ಟಿದೆ, ನನ್ನ ಹೆಸರು ಹೇಳುತ್ತಿದ್ದಾರೆ ಎಂದುಕೊಂಡ ಹೆಡ್ ಕ್ಲರ್ಕ್. ಶುಕ್ರವಾರ ಎಲ್ಲರೂ ಊಟಕ್ಕೆ ಎದ್ದ ಮೇಲೆ ತಾನೇ ಹೋಗಿ ಬಾಗಿಲು ತಟ್ಟಿದ.

"ಅವಳಲ್ಲ ಮೇಡಂ. ನಾನು."

ಮೇಡಂ ಕುರ್ಚಿ ತೋರಿಸಿದರು.

"ಮಗಳ ಹೆರಿಗೆಗೆ ರಜೆ ಕೇಳೋಕೆ ಹೋಗಿದ್ದೆ. ಸಾಹೇಬರು ಅರ್ಜಿ ಪಕ್ಕಕ್ಕಿಟ್ಟು, ಆಫೀಸಲ್ಲಿ ಏನು ಮಾತು ನಡೀತಿದೆ ಅಂದ್ರು. ಅಣಕಿಸಿದ್ದನ್ನ ಹೇಳ್ಬಿಟ್ಟೆ. ರಜೆ ಸಿಕ್ತು. ಆಮೇಲೆ ಬಿಡಿಸಿಕೊಳ್ಳೋಕೆ ಆಗಲಿಲ್ಲ. ನಿಮ್ಮೊಬ್ಬರನ್ನೇ ನಂಬಿದ್ದೀನಿ ಅನ್ನೋರು."

"ಆ ಹುಡುಗಿ ಮೇಲೆ ಯಾಕೆ ಹಾಕಿದ್ರಿ?"

"ನನ್ನ ಮೇಲೆ ಯಾರಿಗೂ ಅನುಮಾನ ಬರಬಾರದು ಅಂತ."

ಹೇಳುತ್ತಲೇ ಅವನಿಗೆ ಅಳು ಬಂತು. ಮೇಡಂ ನೀರಿನ ಲೋಟ ಮುಂದೆ ಸರಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಸೋಮವಾರ ಇದನ್ನ ಎಲ್ಲರ ಮುಂದೆ ಹೇಳ್ತೀರಾ?"

ಹೆಡ್ ಕ್ಲರ್ಕ್ ಗಾಬರಿಯಿಂದ ತಲೆಯಾಡಿಸಿದ. "ಬೇಡ ಮೇಡಂ. ಅವರೆಲ್ಲ ನನ್ನನ್ನ ನಂಬಿದ್ದಾರೆ."

"ಎಲ್ಲರೂ ಹಾಗೇ ಅಂತೀರಿ," ಎಂದರು ಮೇಡಂ. "ಈ ವಾರ ಇಲ್ಲಿ ಬಂದು, ಅವಳಲ್ಲ, ನಾನು ಅಂತ ಅತ್ತವರಲ್ಲಿ ನೀವು ಆರನೆಯವರು."