ಮೊಣಕೈಯ ಎತ್ತರ

ಅಡುಗೆ ಕಟ್ಟೆಯ ಎತ್ತರವನ್ನು ಆರ್ಕಿಟೆಕ್ಟ್ ವಾರಿಜಾ ಯಾವತ್ತೂ ಪುಸ್ತಕ ನೋಡಿ ಬರೆದವಳಲ್ಲ. ಮನೆಯೊಡತಿಯನ್ನು ನೆಟ್ಟಗೆ ನಿಲ್ಲಿಸಿ, ಮೊಣಕೈವರೆಗೆ ಅಳೆದೇ ನಕ್ಷೆಗೆ ಇಳಿಸುತ್ತಿದ್ದಳು. ಅವತ್ತು ಗಂಡನ ಜೊತೆ ಆಫೀಸಿಗೆ ಬಂದಿದ್ದ ಹೆಂಗಸು ಮಾತ್ರ ಟೇಪು ಕಂಡದ್ದೇ ಹಿಂದೆ ಸರಿದಳು.

"ನನ್ನದು ಬೇಡ ಮೇಡಂ, ಇವರದ್ದು ತಗೊಳ್ಳಿ."

ಗಂಡ ಆರಡಿ ಆಳು. ವಾರಿಜಾಗೆ ನಗು ಬಂತು.

"ಅಷ್ಟೆತ್ತರ ಕಟ್ಟಿದ್ರೆ ದೋಸೆ ಹುಯ್ಯೋಕೆ ನೀವು ಸ್ಟೂಲ್ ಹತ್ಬೇಕಾಗುತ್ತೆ! ಸಾಹೇಬ್ರಿಗೆ ಅಡುಗೆ ಬರುತ್ತಾ?"

"ಅನ್ನಕ್ಕಿಡೋದು ಕಲಿಸಿದೀನಿ. ಸಾರಿನ ಹದ ಇನ್ನೂ ಸಿಕ್ಕಿಲ್ಲ."

ಗಂಡ ಕಿಟಕಿಯ ಕಡೆ ತಿರುಗಿ ನಿಂತ.

"ಅಂದ್ರೆ, ನೀವು ಅಡುಗೆಮನೆಗೇ ಕಾಲಿಡಲ್ವಾ?"

"ಗೃಹಪ್ರವೇಶ ಬರೋ ವರ್ಷದ ಯುಗಾದಿಗೆ ಅಂದ್ರಿ ನೀವು. ಡಾಕ್ಟರು ನನಗೆ ಈ ದೀಪಾವಳಿವರೆಗೆ ಅಷ್ಟೇ ಅಂದಿದಾರೆ."