ಡ್ರಮ್ಮಿನೊಳಗಿನ ಮೋಟಾರು

ಪೆಟ್ರೋಲಿಗೆ ಆಯಿಲ್ ಬೆರೆಸಿದ ವಾಸನೆ ಬಂದರೆ ಈಗಲೂ ನನಗೆ ಮಲೇಷ್ಯಾದ ಸೈಬರ್‌ಜಯಾದಲ್ಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಕೆಲಸ ಹೋಗಿತ್ತು. ಮರುದಿನ ನಾವು ಮೈಸೂರಿಗೆ ಹೊರಡಬೇಕಿತ್ತು. ಅಮ್ಮ ಒಳಗೆ ಪೆಟ್ಟಿಗೆಗಳಿಗೆ ಟೇಪ್ ಸುತ್ತುತ್ತಿದ್ದಳು. ಅಪ್ಪ ಮಾತ್ರ ಕಾರ್ ನಿಲ್ಲಿಸುವ ಜಾಗದಲ್ಲಿ ದೋಣಿಗೆ ಹಾಕುವ ಹಳೇ ಮೋಟಾರೊಂದನ್ನು ನೀರಿನ ಡ್ರಮ್ಮಿಗೆ ಇಳಿಬಿಟ್ಟು, ಸ್ಟಾರ್ಟ್ ಮಾಡಲು ಅದರ ಹಗ್ಗ ಎಳೆಯುತ್ತಲೇ ಇದ್ದರು. ವರ್ಷಗಟ್ಟಲೆ ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಅದನ್ನು ವಾರವೆಲ್ಲ ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿದ್ದರು.

ಗೇಟಿನ ಹತ್ತಿರ ಗುಜರಿ ಲಾರಿ ಬಂದು ನಿಂತಿತು.

"ಸಾಕು, ಕೊಟ್ಬಿಡಿ," ಎಂದಳು ಅಮ್ಮ ಬಾಗಿಲಲ್ಲಿ ನಿಂತು.

"ಇನ್ನೊಂದೇ ಸಲ."

ಬೆಳಗಿನಿಂದ ಅದನ್ನೇ ಹೇಳುತ್ತಿದ್ದರು. ಅಂಗೈ ಸುಲಿದು ಹಗ್ಗಕ್ಕೆ ರಕ್ತ ಅಂಟಿತ್ತು. ಇನ್ನು ಜಗಳವೇ ಎಂದು ಹೆದರಿ ನಾನು ಅಮ್ಮನ ದುಪಟ್ಟಾ ಹಿಡಿದುಕೊಂಡೆ.

ಅಪ್ಪ ಮತ್ತೆ ಎಳೆದರು. ಮೋಟಾರು ಕೆಮ್ಮಿ, ನೀಲಿ ಹೊಗೆ ಉಗುಳಿ, ಸ್ಟಾರ್ಟ್ ಆಯಿತು. ಡ್ರಮ್ಮಿನ ನೀರು ಕುದಿದಂತೆ ಎದ್ದು ಅವರ ಅಂಗಿ ತೋಯಿಸಿತು. ಅವರು ನಗಲಿಲ್ಲ.

"ಈ ವರ್ಷ ದೋಣಿ ತಗೊಳ್ಳೋಣ ಅಂತಿದ್ದೆ ಕಣೇ," ಎಂದರು.

ಗುಜರಿಯವನು ಒಳಗೆ ಬರತೊಡಗಿದ. ಅಮ್ಮ ಕೈಸನ್ನೆಯಲ್ಲೇ ಅವನನ್ನು ತಡೆದು, ಅಪ್ಪನ ಪಕ್ಕ ನೆಲದ ಮೇಲೆ ಕೂತಳು.

"ಪೆಟ್ರೋಲ್ ಮುಗಿಯೋವರೆಗೂ ಓಡ್ಲಿ ಬಿಡಿ," ಎಂದಳು.