ತ್ಯಾಂಪಣ್ಣನ ನಿಲ್ಲದ ರಿಕ್ಷಾ

“ಹತ್ತಿ, ಹತ್ತಿ ರುಖಿಯಮ್ಮ! ನಿಲ್ಲಿಸಿದ್ರೆ ಸಾಯ್ತದೆ!”

ಆಲಂಕಾರು ಪೇಟೆಯ ನಡುವೆ ತ್ಯಾಂಪಣ್ಣ ತನ್ನ ಹೊಸ ರಿಕ್ಷಾದೊಳಗಿಂದ ಕೂಗಿದ. ಎಪ್ಪತ್ತು ದಾಟಿದ ರುಖಿಯಮ್ಮ ಬಟ್ಟೆಯ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ನಾಲ್ಕು ಹೆಜ್ಜೆ ಓಡಿದರು. ಮಂಡಿ ಒಪ್ಪಲಿಲ್ಲ. ರಿಕ್ಷಾ ಹೊಗೆ ಉಗುಳುತ್ತಾ ಮುಂದೆ ಹೋಯಿತು. ಇದು ಮೂರನೇ ಸುತ್ತು.

ಊರಿಗೇ ಮೊದಲ ರಿಕ್ಷಾ ಅದು. ಬಂದು ಹದಿನೈದು ದಿನವಾಗಿತ್ತಷ್ಟೆ. ಓಡುವಾಗ ಗಂಡುಗಲಿ, ನಿಂತಿತೋ, ಕಥೆ ಮುಗಿಯಿತು. ಒಮ್ಮೆ ಇಂಜಿನ್ ಆರಿದರೆ ಸ್ಟಾರ್ಟ್ ಮಾಡುವ ಲಿವರ್ ಎಳೆದೆಳೆದು ಭುಜ ಕಳಚಿದರೂ ಅರ್ಧ ಗಂಟೆ ಉಸಿರಿಲ್ಲ. ಹಾಗಾಗಿ ಆಲಂಕಾರಿನ ಗಂಡಸರೆಲ್ಲ ಓಡಿ ಹತ್ತುವ ವಿದ್ಯೆ ಕಲಿತಿದ್ದರು. ತ್ಯಾಂಪಣ್ಣನಿಗೆ ಮಾತ್ರ ಅದರ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು.

“ನಾನು ಬಿದ್ದು ಎದ್ದು ಹೇಗೋ ಹತ್ತಿಯೇನು,” ರಿಕ್ಷಾ ಮತ್ತೆ ಸುತ್ತಿ ಹತ್ತಿರ ಬಂದಾಗ ರುಖಿಯಮ್ಮ ಏದುಸಿರು ಬಿಡುತ್ತಾ ಹೇಳಿದರು. “ಬರುವಾಗ ನಮ್ಮ ಸಾರಮ್ಮ ಎಂತ ಮಾಡುದು? ಮೊನ್ನೆ ಹೆತ್ತವಳು ಕೂಸು ಹಿಡ್ಕೊಂಡು ರಿಕ್ಷಾದ ಹಿಂದೆ ಓಡ್ಲಿಕ್ಕೆ ಉಂಟಾ?”

ಮೊಮ್ಮಗಳು ಸಾರಮ್ಮನನ್ನು ಪುತ್ತೂರಿನ ಆಸ್ಪತ್ರೆಯಿಂದ ಅಂದು ಮನೆಗೆ ಕಳಿಸುವವರಿದ್ದರು. ಕರೆತರಲು ರುಖಿಯಮ್ಮ ಬಾಯಿಬಿಟ್ಟು ಕೇಳಿದ್ದು ತ್ಯಾಂಪಣ್ಣನ ರಿಕ್ಷಾವನ್ನೇ. ಇಂಥ ಶುಭಕಾರ್ಯಕ್ಕೆ ಪಕ್ಕದೂರು ನೆಲ್ಯಾಡಿಯ ಬಾಡಿಗೆ ಜೀಪು ಬಂದುಬಿಟ್ಟರೆ ನಾಳೆ ತನ್ನನ್ನು ಯಾರು ಕರೆದಾರು? ಅವನಿಗೆ ಅಳುವೇ ಬಂದಂತಾಯಿತು. ರಿಕ್ಷಾವನ್ನು ನೇರ ಮೆಕ್ಯಾನಿಕ್ ಮಹಾಬಲನ ಶೆಡ್ಡಿಗೆ ನುಗ್ಗಿಸಿದ. ಒಳಗೆ ಹೋದದ್ದೇ ಅದು ಸತ್ತಿತು. ರುಖಿಯಮ್ಮ ಕುಂಟುತ್ತಾ ಹಿಂದೆಯೇ ಬಂದರು.

“ಕಾರ್ಬೊರೇಟರ್ ಮೂರು ಸಲ ತೊಳೆದಾಯ್ತು, ಸ್ಕ್ರೂ ತಿರುಗಿಸಿ ತಿರುಗಿಸಿ ಬೆರಳು ಸವೆಯಿತು,” ಮಹಾಬಲ ತಲೆ ಕೆರೆದುಕೊಂಡ. “ಆಕ್ಸಿಲರೇಟರ್ ಬಿಟ್ಟ ಕೂಡ್ಲೆ ಇಂಜಿನ್ ಆರ್ತದೆ, ಐಡ್ಲಿಂಗ್ ನಿಲ್ಲುದೇ ಇಲ್ಲ ಮಾರಾಯ್ರೆ. ಪೆಟ್ರೋಲಿಗೆ ಇಂಜಿನ್ ಎಣ್ಣೆ ಸರಿಯಾಗಿ ಬೆರೆಸ್ತೀರಲ್ಲ?”

“ಎಣ್ಣೆ ಕಡಿಮೆ ಮಾಡುವ ಜನ ಅಲ್ಲ ನಾನು!”

ರುಖಿಯಮ್ಮ ಹೊಗೆಯ ವಾಸನೆಗೆ ಮೂಗರಳಿಸಿದರು. ಪೇಟೆಯ ಅರ್ಧಕ್ಕರ್ಧ ಮಕ್ಕಳನ್ನು ಎಣ್ಣೆ ಹಚ್ಚಿ ಮೀಯಿಸಿದ ಕೈ ಅವರದು. “ಎಷ್ಟು ಹೊಯ್ತಿ ಮಗಾ?”

“ಕಂಪೆನಿಯವರು ಹೇಳಿದ್ದಕ್ಕೆ ಮೂರು ಪಾಲು,” ತ್ಯಾಂಪಣ್ಣ ಎದೆಯುಬ್ಬಿಸಿದ. “ಹೊಸತಲ್ವಾ? ಎಳೆಕೂಸಿಗೆ ಎಣ್ಣೆಯಲ್ಲಿ ಜಿಪುಣತನ ಮಾಡುದುಂಟಾ?”

“ಅಯ್ಯೋ ಮಾರಾಯ! ಕೂಸಿಗೆ ಎಣ್ಣೆ ಮೈಗೆ ಹಚ್ಚುದು. ಬಾಯಿಗೆ ಹೊಯ್ಯುದಲ್ಲ!”

ಮಹಾಬಲ ಹಣೆ ಚಚ್ಚಿಕೊಂಡ. ಮರುಕ್ಷಣವೇ ಶೆಡ್ಡಿನಲ್ಲಿ ಗಡಿಬಿಡಿಯೋ ಗಡಿಬಿಡಿ. ಟ್ಯಾಂಕ್ ಬರಿದಾಯಿತು. ಪ್ಲಗ್ ಬಿಚ್ಚಿದರೆ ಕಪ್ಪು ಜಿಡ್ಡು ತೊಟ್ಟಿಕ್ಕುತ್ತಿತ್ತು. ಮಹಾಬಲ ಅದನ್ನು ಉಜ್ಜಿ, ಒಣಗಿಸಿ, ಮತ್ತೆ ಕೂರಿಸಿದ. ಹೊಸ ಪೆಟ್ರೋಲಿಗೆ ಎಣ್ಣೆ ಅಳೆಯುವಾಗ ತ್ಯಾಂಪಣ್ಣನ ಕೈ ತಾನಾಗಿಯೇ ಡಬ್ಬಿಯ ಕಡೆ ಇನ್ನಷ್ಟಕ್ಕೆ ಹೋಯಿತು. ರುಖಿಯಮ್ಮ ಫಟ್ಟನೆ ಹೊಡೆದರು. ಅವನು ಲಿವರ್ ಎಳೆದ. ಎರಡನೇ ಎಳೆತಕ್ಕೇ ಹಿಡಿಯಿತು.

ತ್ಯಾಂಪಣ್ಣ ಉಸಿರು ಬಿಗಿಹಿಡಿದು ಆಕ್ಸಿಲರೇಟರ್ ಬಿಟ್ಟ. ಟುಕು ಟುಕು ಟುಕು. ಆರಲಿಲ್ಲ. ಎರಡೂ ಕೈ ಮೇಲೆತ್ತಿದ, ಆಗಲೂ ಆರಲಿಲ್ಲ. “ನಿಂತಿತು! ಮಹಾಬಲ, ನಿಂತಿತು ಮಾರಾಯ!” ಎಂದು ರಸ್ತೆಗೇ ಕೇಳುವಂತೆ ಬೊಬ್ಬೆ ಹೊಡೆದ. ನಿಲ್ಲುವ ಗಾಡಿಗೆ ಅಷ್ಟು ಖುಷಿಪಟ್ಟವರನ್ನು ಆಲಂಕಾರು ಕಂಡಿರಲಿಲ್ಲ.

“ಹತ್ತಿ, ಬೇಗ ಹತ್ತಿ ರುಖಿಯಮ್ಮ!”

ರುಖಿಯಮ್ಮ ಗಂಟನ್ನು ಸೀಟಿನ ಮೇಲಿಟ್ಟರು. ತಲೆವಸ್ತ್ರ ಸರಿಪಡಿಸಿಕೊಂಡರು. ಒಂದು ಕಾಲನ್ನು ಮೇಲಿಟ್ಟು, ಮಂಡಿ ಹಿಡಿದುಕೊಂಡು, ಸುಧಾರಿಸಿಕೊಳ್ಳುತ್ತಾ ಹಾಗೆಯೇ ನಿಂತರು.

“ಅವಸರ ಎಂತಕ್ಕೆ? ಇಷ್ಟು ವರ್ಷ ಬಸ್ಸಿನವರ ಬೈಗುಳ ಕೇಳಿಯೇ ಹತ್ತಿದ್ದು. ನನಗೋಸ್ಕರ ಒಂದು ಗಾಡಿ ಕಾಯುದು ಇವತ್ತೇ ಮೊದಲು. ಸ್ವಲ್ಪ ಕಾಯ್ಲಿ.”